ಗಡ್ಡೆಗೆ ಆಮ್ಲಜನಕ: ಮನೆಯ ಯಂತ್ರ, ರಕ್ತ, ಔಷಧ, ಒತ್ತಡದ ಕೋಣೆ – ಯಾವುದನ್ನು ಆರಿಸಬೇಕು?

ಕ್ಯಾನ್ಸರ್ ಗಡ್ಡೆಯೊಳಗೆ ಆಮ್ಲಜನಕ ಕಡಿಮೆ ಇದ್ದರೆ ವಿಕಿರಣ ಚಿಕಿತ್ಸೆ ಸರಿಯಾಗಿ ನಾಟುವುದಿಲ್ಲ ಎಂಬ ಮಾತು ಈಗ ಮೊಬೈಲ್ ಮೂಲಕ ಹಳ್ಳಿಹಳ್ಳಿಗೂ ತಲುಪಿದೆ. ಮಾತು ನಿಜ. ಅದರ ಬೆನ್ನಿಗೆ ಬರುವ ಸಲಹೆಗಳದ್ದೇ ತಕರಾರು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಜನ್ ಕಾನ್ಸಂಟ್ರೇಟರನ್ನು ಅಟ್ಟದಿಂದ ಇಳಿಸಿ ಎನ್ನುವವರು ಒಬ್ಬರು. ದೊಡ್ಡ ಊರಿನಲ್ಲಿ ಒತ್ತಡದ ಕೋಣೆ ಇದೆ, ಅದರಲ್ಲಿ ಮಲಗಿಸಿ ಎನ್ನುವವರು ಇನ್ನೊಬ್ಬರು. ಡಯಾಲಿಸಿಸ್ ರೋಗಿಗಳಿಗೆ ಕೊಡುವ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಹಾಕಿಸಿದರೆ ಸಾಕು ಎನ್ನುವವರೂ ಉಂಟು. ಬೆಳಗಾವಿಗೋ ಹುಬ್ಬಳ್ಳಿಗೋ ಮಿರಜಿಗೋ ‘ಕರೆಂಟ್ ಕೊಡಿಸಲು’, ಅಂದರೆ ವಿಕಿರಣ ಚಿಕಿತ್ಸೆಗೆ, ದಿನವೂ ಓಡಾಡುವ ಮನೆಯವರ ಕೈಯಲ್ಲಿ ಇರುವ ಹಣ, ಶಕ್ತಿ, ರಜೆ ಎಲ್ಲವೂ ಅಷ್ಟಕ್ಕಷ್ಟೆ. ಅದನ್ನು ಯಾವುದರ ಮೇಲೆ ಹಾಕಬೇಕು ಎಂಬುದನ್ನು ಇಲ್ಲಿ ತೂಗಿ ನೋಡಿದ್ದೇನೆ. ವೈದ್ಯರ ಬದಲಿಗೆ ಇದನ್ನು ಓದಬೇಡಿ, ವೈದ್ಯರ ಮುಂದೆ ಕೂರುವ ಮೊದಲು ಓದಿ.

ಮೊದಲು ಕೊರತೆ ಎಲ್ಲಿದೆ ಎಂದು ತಿಳಿಯಬೇಕು. 1955ರಲ್ಲಿ ಬ್ರಿಟನ್ನಿನ ಥಾಮ್ಲಿನ್ಸನ್ ಮತ್ತು ಗ್ರೇ ಎಂಬ ವಿಜ್ಞಾನಿಗಳು ಶ್ವಾಸಕೋಶದ ಕ್ಯಾನ್ಸರ್ ಗಡ್ಡೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದು ಸಂಗತಿಯನ್ನು ಗುರುತಿಸಿದರು. ರಕ್ತನಾಳದಿಂದ ಸುಮಾರು 150 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಭಾಗದಷ್ಟು ದೂರ ಹೋಗುವಷ್ಟರಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ. ದಾರಿಯಲ್ಲಿರುವ ಜೀವಕೋಶಗಳೇ ಅದನ್ನು ಕುಡಿದುಬಿಡುತ್ತವೆ. ಅದಕ್ಕಿಂತ ಆಚೆಗಿನವು ಸಾಯುತ್ತವೆ. ಸಾಯುವ ಅಂಚಿನಲ್ಲಿ, ಅರೆಹೊಟ್ಟೆಯಲ್ಲಿ ಬದುಕಿ ಉಳಿದವುಗಳೇ ಚಿಕಿತ್ಸೆಗೆ ಬಗ್ಗದ ಕೋಶಗಳು. ಇಂದು ವಿಕಿರಣದ ಪ್ರಮಾಣವನ್ನು ಅಳೆಯುವ ‘ಗ್ರೇ’ ಎಂಬ ಮಾನಕ್ಕೆ ಹೆಸರು ಬಂದದ್ದು ಇದೇ ಗ್ರೇ ಅವರಿಂದ.

ಘಟಪ್ರಭಾ ಕಾಲುವೆಯ ಕೊನೆಯ ಹೊಲದ ರೈತನಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ಹಿಡಕಲ್ ಅಣೆಕಟ್ಟು ತುಂಬಿದೆ ಎಂದು ಪತ್ರಿಕೆಯಲ್ಲಿ ಬಂದರೂ ತುದಿಯ ಹೊಲಕ್ಕೆ ನೀರು ಬರುವುದಿಲ್ಲ. ಮೇಲಿನವರು ಎತ್ತಿಕೊಂಡಿರುತ್ತಾರೆ, ನಡುವೆ ಕಾಲುವೆ ಒಡೆದಿರುತ್ತದೆ, ಹೂಳು ತುಂಬಿರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತೋರಿಸುವ 98 ಎಂಬ ಸಂಖ್ಯೆ ಅಣೆಕಟ್ಟೆಯ ಮಟ್ಟ ಮಾತ್ರ. ಗಡ್ಡೆಯ ತುದಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಗಡ್ಡೆಯ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದಿರುವುದರಿಂದ ಆಗಾಗ ಮುಚ್ಚಿ ತೆರೆಯುತ್ತವೆ ಕೂಡ.

ವಿಕಿರಣಕ್ಕೂ ಆಮ್ಲಜನಕಕ್ಕೂ ಏನು ನಂಟು? ಎಕ್ಸ್-ಕಿರಣ ಜೀವಕೋಶದ ಡಿಎನ್ಎಗೆ ಗಾಯ ಮಾಡಿದಾಗ ಅಲ್ಲಿ ಆಮ್ಲಜನಕ ಇದ್ದರೆ ಆ ಗಾಯ ಶಾಶ್ವತವಾಗುತ್ತದೆ. ಇಲ್ಲದಿದ್ದರೆ ಕೋಶ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ. ಆಮ್ಲಜನಕವೇ ಇಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ವಿಕಿರಣ ಬೇಕು. ಅಷ್ಟು ಕೊಟ್ಟರೆ ಪಕ್ಕದ ಆರೋಗ್ಯವಂತ ಅಂಗ ಉಳಿಯುವುದಿಲ್ಲ. ಮುಂದಿನ ಹೋಲಿಕೆಗೆ ಬೇಕಾಗುವ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಮ್ಲಜನಕ ಇರಬೇಕಾದದ್ದು ಕಿರಣ ಬೀಳುವ ಆ ಕ್ಷಣದಲ್ಲಿ, ಸೆಕೆಂಡಿನ ಸಣ್ಣ ಭಾಗದೊಳಗೆ; ಹಿಂದಿನ ರಾತ್ರಿ ಕೊಟ್ಟದ್ದು ಲೆಕ್ಕಕ್ಕಿಲ್ಲ. ಇನ್ನೊಂದು, ಬೇಕಾದ ಪ್ರಮಾಣ ಬಹಳ ಸಣ್ಣದು. ಪಾದರಸದ ಮೂರು ಮಿಲಿಮೀಟರಿನಷ್ಟು ಒತ್ತಡದಲ್ಲಿ ಆಮ್ಲಜನಕ ಇದ್ದರೂ ವಿಕಿರಣದ ಬಲ ಅರ್ಧದಾರಿ ತಲುಪಿರುತ್ತದೆ. ಮೂವತ್ತು ದಾಟಿದ ಮೇಲೆ ಎಷ್ಟು ಸುರಿದರೂ ಹೆಚ್ಚಿನ ಲಾಭವಿಲ್ಲ. ಅಂದರೆ ತುಂಬಿದ ಕಡೆ ಮತ್ತೆ ತುಂಬುವ ಉಪಾಯಗಳೆಲ್ಲ ವ್ಯರ್ಥ.

ಮನೆಯ ಯಂತ್ರವೋ, ರಕ್ತವೋ

ಕಾನ್ಸಂಟ್ರೇಟರ್ ಬಗ್ಗೆ ಒಂದು ಸರಳ ಲೆಕ್ಕ ಹಾಕೋಣ. ಆಸ್ಪತ್ರೆಯ ಚೀಟಿಯಲ್ಲಿ ಎಚ್‌ಬಿ ಎಂದು ಬರೆಯುವ ಹಿಮೋಗ್ಲೋಬಿನ್ ಒಂದು ಗ್ರಾಂ ಇದ್ದರೆ ಅದು ಪೂರ್ತಿ ತುಂಬಿದಾಗ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. ಎಚ್‌ಬಿ 12, ಅಂದರೆ 100 ಮಿಲಿಲೀಟರ್ ರಕ್ತಕ್ಕೆ 12 ಗ್ರಾಂ ಇರುವವರ ಅಷ್ಟು ರಕ್ತದಲ್ಲಿ ಹೀಗೆ ಹತ್ತಿರ ಹತ್ತಿರ 16 ಮಿಲಿಲೀಟರ್ ಆಮ್ಲಜನಕ ಇರುತ್ತದೆ. ಎಚ್‌ಬಿ 8ಕ್ಕೆ ಇಳಿದವರಲ್ಲಿ ಹತ್ತೂವರೆ. ಆಕ್ಸಿಮೀಟರ್ ಮಾತ್ರ ಇಬ್ಬರಲ್ಲೂ 98 ಎಂದೇ ತೋರಿಸುತ್ತದೆ, ಏಕೆಂದರೆ ಇರುವ ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಎಂದು ಅದು ಹೇಳುತ್ತದೆಯೇ ಹೊರತು ಹಿಮೋಗ್ಲೋಬಿನ್ ಎಷ್ಟಿದೆ ಎಂದಲ್ಲ.

ಈಗ ಎಚ್‌ಬಿ 8 ಇರುವವರ ಮೂಗಿಗೆ ಐದು ಲೀಟರಿನ ಯಂತ್ರದ ನಳಿಕೆ ಇಟ್ಟರೆ ಏನಾಗುತ್ತದೆ? 98 ಹೋಗಿ 100 ಆಗುತ್ತದೆ, ರಕ್ತದ ದ್ರವದಲ್ಲಿ ಇನ್ನಷ್ಟು ಆಮ್ಲಜನಕ ಕರಗುತ್ತದೆ. ಎಲ್ಲ ಸೇರಿ 100 ಮಿಲಿಲೀಟರ್ ರಕ್ತಕ್ಕೆ ಸಿಗುವುದು ಅರ್ಧ ಮಿಲಿಲೀಟರಿನ ಆಸುಪಾಸು. ಅದೇ ವ್ಯಕ್ತಿಗೆ ಒಂದು ಬಾಟಲಿ ರಕ್ತ ಏರಿಸಿದರೆ ಎಚ್‌ಬಿ ಸಾಮಾನ್ಯವಾಗಿ ಒಂದು ಗ್ರಾಂ ಮೇಲೇರುತ್ತದೆ, ಅಂದರೆ 1.3 ಮಿಲಿಲೀಟರ್, ಅದೂ ಹಗಲು ರಾತ್ರಿ, ಚಿಕಿತ್ಸೆಯ ಮೇಜಿನ ಮೇಲೂ. ಯಂತ್ರದ ಲಾಭ ನಳಿಕೆ ತೆಗೆದ ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ವಿಕಿರಣ ಕೊಡುವುದು ಬೆಳಗಾವಿಯಲ್ಲಿ, ಯಂತ್ರ ಇರುವುದು ಗೋಕಾಕದ ಮನೆಯಲ್ಲಿ. ಹತ್ತಾರು ಸಾವಿರ ರೂಪಾಯಿ ಕೊಟ್ಟು ಇದಕ್ಕಾಗಿಯೇ ಯಂತ್ರ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ನೀರಿನಲ್ಲಿ ಹಣ ಹಾಕಿದ ಹಾಗೆಯೇ. ಶ್ವಾಸಕೋಶದ ತೊಂದರೆಯಿಂದ ಆಕ್ಸಿಜನ್ ಮಟ್ಟವೇ ಇಳಿದಿರುವವರ ಮಾತು ಬೇರೆ. ಅವರಿಗೆ ಅದು ಬದುಕಿಗಾಗಿ ಕೊಡುವ ಚಿಕಿತ್ಸೆ, ಗಡ್ಡೆಗಾಗಿ ಅಲ್ಲ. ಬ್ಲಿಯೊಮೈಸಿನ್ ಎಂಬ ಕಿಮೋ ಔಷಧ ಪಡೆದವರಿಗಂತೂ ಅನಗತ್ಯವಾಗಿ ಹೆಚ್ಚು ಆಮ್ಲಜನಕ ಕೊಟ್ಟರೆ ಶ್ವಾಸಕೋಶಕ್ಕೆ ಅಪಾಯವಾಗುವ ಸಾಧ್ಯತೆ ಇದೆ.

ಹಾಗಾದರೆ ಎಲ್ಲರಿಗೂ ರಕ್ತ ಏರಿಸಿಬಿಡೋಣವೇ? ಇಲ್ಲಿ ಅವಸರ ಬೇಡ. ಎಚ್‌ಬಿ ಕಡಿಮೆ ಇದ್ದವರಲ್ಲಿ ಗರ್ಭಕಂಠದ ಹಾಗೂ ತಲೆ-ಕುತ್ತಿಗೆಯ ಕ್ಯಾನ್ಸರುಗಳಿಗೆ ವಿಕಿರಣದ ಫಲ ಕಡಿಮೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಆದರೆ ಅದನ್ನು ಮೇಲೇರಿಸಿದ ಮಾತ್ರಕ್ಕೆ ಫಲ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. ಡೆನ್ಮಾರ್ಕಿನಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿನ ರೋಗಿಗಳಿಗೆ ಚಿಕಿತ್ಸೆಗೆ ಮುಂಚೆ ರಕ್ತ ಏರಿಸಿ ನೋಡಿದಾಗ ಗುಣವಾಗುವ ಪ್ರಮಾಣ ಹೆಚ್ಚಲಿಲ್ಲ. ಗರ್ಭಕಂಠದ ಕ್ಯಾನ್ಸರಿನಲ್ಲಿ ಮಾತ್ರ ಚಿಕಿತ್ಸೆಯುದ್ದಕ್ಕೂ ಎಚ್‌ಬಿಯನ್ನು 10ಕ್ಕಿಂತ ಮೇಲೆ ಇರಿಸುವುದು ಅನೇಕ ಕೇಂದ್ರಗಳ ರೂಢಿ. ಅಲ್ಲಿ ಗಡ್ಡೆಯಿಂದಲೇ ರಕ್ತ ಸೋರುತ್ತಿರುತ್ತದೆ, ಹೆಂಗಸರು ಮೊದಲೇ ರಕ್ತಹೀನತೆಯಿಂದ ಬಳಲಿರುತ್ತಾರೆ, ಜೊತೆಗೆ ಸಿಸ್‌ಪ್ಲಾಟಿನ್ ಕಿಮೋ ಕೂಡ ನಡೆದಿರುತ್ತದೆ. ಎಚ್‌ಬಿ ಬಿದ್ದರೆ ಕಿಮೋ ಮುಂದೂಡಬೇಕಾಗುತ್ತದೆ, ಕೆಲವೊಮ್ಮೆ ಇಡೀ ಚಿಕಿತ್ಸೆಯೇ ನಿಲ್ಲುತ್ತದೆ. ಆದ್ದರಿಂದ ಗರ್ಭಕಂಠದ ರೋಗಿಗೆ ಎಚ್‌ಬಿ 8 ಇದ್ದರೆ ರಕ್ತದ ಬಾಟಲಿಗೆ ಓಡಾಡುವುದು ಸಾರ್ಥಕ. ಗಂಟಲಿನ ಕ್ಯಾನ್ಸರಿನ ರೋಗಿಗೆ 11.5 ಇದೆ ಎಂದು ದಾನಿಗಳನ್ನು ಹುಡುಕುತ್ತ ಅಲೆಯುವುದು ಸಾರ್ಥಕವಲ್ಲ.

ಇನ್ನು ರಕ್ತ ಹೆಚ್ಚಿಸುವ ಇಂಜೆಕ್ಷನ್, ಎರಿತ್ರೊಪೊಯೆಟಿನ್. ನೋಡಲು ಇದಕ್ಕಿಂತ ಸಲೀಸಾದ ಉಪಾಯವಿಲ್ಲ: ದಾನಿ ಬೇಡ, ಬ್ಲಡ್ ಬ್ಯಾಂಕ್ ಬೇಡ. ಆದರೆ 2003ರಲ್ಲಿ ಪ್ರಕಟವಾದ ಜರ್ಮನ್ ನೇತೃತ್ವದ ಪ್ರಯೋಗದಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿದ್ದವರಿಗೆ ಈ ಇಂಜೆಕ್ಷನ್ ಕೊಟ್ಟಾಗ ಎಚ್‌ಬಿ ಚೆನ್ನಾಗಿಯೇ ಏರಿತು, ಆದರೆ ಕ್ಯಾನ್ಸರ್ ಹತೋಟಿ ಮತ್ತು ಬದುಕುಳಿಯುವಿಕೆ ಎರಡೂ ಕೆಟ್ಟವು. ಡೆನ್ಮಾರ್ಕಿನ ಇಂಥದೇ ಪ್ರಯೋಗದಲ್ಲೂ ಇಂಜೆಕ್ಷನ್ ಪಡೆದವರ ಫಲಿತಾಂಶ ಹದಗೆಟ್ಟಿತು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗೆಯ ಔಷಧಗಳ ಮೇಲೆ ಅತಿ ಗಂಭೀರ ಎಚ್ಚರಿಕೆಯನ್ನು ಹಾಕಿಸಿತು. ಗುಣಪಡಿಸುವ ಉದ್ದೇಶದಿಂದ ವಿಕಿರಣ ಕೊಡುತ್ತಿರುವಾಗ ಇದನ್ನು ಮೆಡಿಕಲ್ ಅಂಗಡಿಯಿಂದ ತಂದು ಹಾಕಿಸಿಕೊಳ್ಳುವುದು ಬೇಡವೇ ಬೇಡ. ಸಂಖ್ಯೆ ಏರಿತು ಎಂದ ಮಾತ್ರಕ್ಕೆ ರೋಗಿಗೆ ಒಳ್ಳೆಯದಾಯಿತು ಎಂದಲ್ಲ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ಕಹಿಯಾದ ಉದಾಹರಣೆ ಕಡಿಮೆ.

ಕಬ್ಬಿಣದ ಕೊರತೆಯಿಂದ ಬಂದ ರಕ್ತಹೀನತೆಗೆ ಮಾತ್ರೆ ಅಥವಾ ರಕ್ತನಾಳಕ್ಕೆ ಕೊಡುವ ಕಬ್ಬಿಣ ಎರಡೂ ಇವೆ. ಮಾತ್ರೆ ಅಗ್ಗ, ಆದರೆ ವಾರಗಟ್ಟಲೆ ಹಿಡಿಯುತ್ತದೆ, ಮಲಬದ್ಧತೆ ತರುತ್ತದೆ. ರೋಗ ಪತ್ತೆಯಾಗಿ ವಿಕಿರಣ ಶುರುವಾಗುವ ನಡುವಿನ ಸ್ಕ್ಯಾನ್, ದೇಹ ಅಲುಗದಂತೆ ಹಿಡಿಯುವ ಅಚ್ಚು, ಯೋಜನೆಯ ದಿನಗಳಲ್ಲಿಯೇ ಅದನ್ನು ಆರಂಭಿಸಿದರೆ ಅರ್ಥವಿದೆ. ನಮ್ಮ ಭಾಗದ ಊಟ ಇದಕ್ಕೆ ಕೆಟ್ಟದ್ದೇನಲ್ಲ: ಮಡಕಿ ಕಾಳು, ಮೆಂತ್ಯ ಸೊಪ್ಪಿನ ಪಲ್ಯ, ಗುರೆಳ್ಳು ಚಟ್ನಿ, ಮೇಲೆ ಇಂಡಿ ಊರಿನ ಲಿಂಬೆಹಣ್ಣಿನ ನಾಲ್ಕು ಹನಿ. ಲಿಂಬೆಯ ಸಿ ಜೀವಸತ್ವ ಕಾಳು-ಸೊಪ್ಪಿನ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಅದನ್ನು ಕೆಡಿಸುತ್ತದೆ. (ಊಟದ ಮೇಲಿನ ಚಹಾ ಬಿಡಿಸುವುದು ನಿಪ್ಪಾಣಿಯಲ್ಲಿ ಬೀಡಿ ಬಿಡಿಸುವುದಕ್ಕಿಂತ ಕಷ್ಟ ಎಂದು ನನಗೆ ಅನ್ನಿಸಿದ್ದಿದೆ.) ಆದರೆ ಬಾಯಿ, ಗಂಟಲಿಗೆ ವಿಕಿರಣ ನಡೆಯುತ್ತಿರುವವರಿಗೆ ಹುಳಿ, ಖಾರ ಎರಡೂ ಉರಿಯುತ್ತವೆ, ಅವರಿಗೆ ಲಿಂಬೆಯ ಮಾತು ಅನ್ವಯಿಸುವುದಿಲ್ಲ.

ಬೀಡಿ, ಒಲೆಯ ಹೊಗೆ

ಖರ್ಚಿಲ್ಲದೆ ಅಂದೇ ಫಲ ಕೊಡುವ ಉಪಾಯ ಒಂದಿದೆ, ಮತ್ತು ಅದನ್ನೇ ಜನ ಕೊನೆಗೆ ಇಡುತ್ತಾರೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೆಚ್ಚು ಸೇದುವವರಲ್ಲಿ ಹಿಮೋಗ್ಲೋಬಿನ್ನಿನ ನೂರರಲ್ಲಿ ಐದರಿಂದ ಹತ್ತು ಪಾಲು ಹೀಗೆ ಕೈತಪ್ಪಿರುತ್ತದೆ. ಉಳಿದ ಪಾಲೂ ತಾನು ಹೊತ್ತ ಆಮ್ಲಜನಕವನ್ನು ಅಂಗಾಂಶಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬೆರಳಿನ ಆಕ್ಸಿಮೀಟರಿಗೆ ಈ ಮೋಸ ಗೊತ್ತಾಗುವುದಿಲ್ಲ, ಅದು ಕಾರ್ಬನ್ ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ತುಂಬಿದ್ದೆಂದೇ ಎಣಿಸುತ್ತದೆ.

ಕೆನಡಾದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತಿರುವಾಗಲೂ ಸೇದುತ್ತಿದ್ದವರಲ್ಲಿ ಶೇಕಡ 45 ಮಂದಿಗೆ ಗಡ್ಡೆ ಪೂರ್ತಿ ಕರಗಿತು. ಸೇದದವರಲ್ಲಿ ಅದು ಶೇಕಡ 74. ಎರಡು ವರ್ಷದ ನಂತರ ಬದುಕಿದ್ದವರು ಕ್ರಮವಾಗಿ ಶೇಕಡ 39 ಮತ್ತು 66. ಈ ಅಂತರವೆಲ್ಲ ಆಮ್ಲಜನಕ ಒಂದರಿಂದಲೇ ಬಂತು ಎನ್ನಲಾಗದು. ಸೇದುವವರಲ್ಲಿ ಬೇರೆ ತೊಂದರೆಗಳೂ ಇರುತ್ತವೆ. ಆದರೂ ಇಷ್ಟು ದೊಡ್ಡ ಅಂತರವನ್ನು ಯಾವ ಯಂತ್ರ, ಯಾವ ಇಂಜೆಕ್ಷನ್ನಿನ ಜಾಹೀರಾತೂ ತೋರಿಸಲಾರದು. ಸೇದುವುದನ್ನು ಬಿಟ್ಟ ನಾಲ್ಕೈದು ಗಂಟೆಗೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕೆ ಇಳಿಯುತ್ತದೆ, ಒಂದೆರಡು ದಿನದಲ್ಲಿ ಬಹುಪಾಲು ಹೋಗುತ್ತದೆ. ಇಷ್ಟು ವರ್ಷ ಸೇದಿದ ಮೇಲೆ ಈಗ ಬಿಟ್ಟು ಏನು ಪ್ರಯೋಜನ ಎನ್ನುವ ಹಿರಿಯರಿಗೆ ಹೇಳಬೇಕಾದದ್ದು ಇದನ್ನೇ. ಪೂರ್ತಿ ಬಿಡಲಾಗದಿದ್ದರೆ, ಕನಿಷ್ಠ ಆ ದಿನದ ಚಿಕಿತ್ಸೆಗೆ ಮುಂಚೆ ಆಸ್ಪತ್ರೆಯ ಗೇಟಿನಲ್ಲಿ ನಿಂತು ಒಂದು ಎಳೆಯುವ ಚಟವನ್ನಾದರೂ ತಪ್ಪಿಸಬೇಕು.

ಗುಟಕಾ, ತಂಬಾಕು-ಸುಣ್ಣದಿಂದ ಕಾರ್ಬನ್ ಮೊನಾಕ್ಸೈಡ್ ಬರುವುದಿಲ್ಲ. ಹಾಗೆಂದು ಅದು ಪರವಾಗಿಲ್ಲ ಎಂದಲ್ಲ. ವಿಕಿರಣದಿಂದ ಹುಣ್ಣಾದ ಬಾಯಿಗೆ ಅದು ಬೇರೆಯದೇ ಹಿಂಸೆ. ಸೌದೆ, ಹತ್ತಿಕಟ್ಟಿಗೆ, ಕುಳ್ಳಿನ ಒಲೆಯ ಮುಂದೆ ರೊಟ್ಟಿ ಬಡಿಯುವ ಹೆಂಗಸರಿಗೆ ಒಲೆಯ ಹೊಗೆಯಿಂದಲೂ ಇದೇ ಅನಿಲ ಸೇರುತ್ತದೆ. ಚಿಕಿತ್ಸೆಯ ಆ ಏಳೆಂಟು ವಾರ ಮನೆಯ ರೊಟ್ಟಿಯನ್ನು ಬೇರೆಯವರು ಮಾಡಲಿ.

ತಪ್ಪದ ದಿನಗಳು

ಆಮ್ಲಜನಕದ ಚರ್ಚೆಯಲ್ಲಿ ಯಾರೂ ಹೆಸರೆತ್ತದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ನಿಲ್ಲುವ ಉಪಾಯ ಇದು. ವಿಕಿರಣವನ್ನು ಒಂದೇ ದಿನ ಕೊಡದೆ 25, 33, 35 ದಿನಗಳಿಗೆ ಹಂಚುವುದೇಕೆ? ಆರೋಗ್ಯವಂತ ಅಂಗಾಂಶ ಚೇತರಿಸಿಕೊಳ್ಳಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಗಡ್ಡೆಗೆ ತಾನಾಗಿಯೇ ಆಮ್ಲಜನಕ ಸಿಗಲಿ ಎಂಬುದು. ಇಂದಿನ ಪಾಳಿಯಲ್ಲಿ ರಕ್ತನಾಳದ ಪಕ್ಕದ ಕೋಶಗಳು ಸಾಯುತ್ತವೆ. ಅವು ಕುಡಿಯುತ್ತಿದ್ದ ಆಮ್ಲಜನಕ ಹಿಂದಿನ ಸಾಲಿನ ಕೋಶಗಳಿಗೆ ತಲುಪುತ್ತದೆ. ನಿನ್ನೆ ಬಗ್ಗದಿದ್ದ ಕೋಶ ನಾಳೆ ಬಗ್ಗುತ್ತದೆ. ಗಡ್ಡೆ ಕುಗ್ಗಿದಂತೆ ಒತ್ತಿಹೋಗಿದ್ದ ನಾಳಗಳೂ ತೆರೆದುಕೊಳ್ಳುತ್ತವೆ. ಬೇರೆ ಉಪಾಯಗಳೆಲ್ಲ ಹೊರಗಿನಿಂದ ಮಾಡಲು ಹೆಣಗುವ ಕೆಲಸವನ್ನು ದಿನದ ವೇಳಾಪಟ್ಟಿಯೇ ಒಳಗಿನಿಂದ ಮಾಡುತ್ತದೆ.

ಆದರೆ ಹಾಗೆ ಉಸಿರು ಬಂದ ಕೋಶಗಳು ಸುಮ್ಮನೆ ಕೂರುವುದಿಲ್ಲ, ಬಿಡುವು ಸಿಕ್ಕರೆ ಮರಿಹಾಕುತ್ತವೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಹೊರಗಿನ ವಿಕಿರಣ, ಗಡ್ಡೆಯ ಬಳಿಯೇ ವಿಕಿರಣದ ಮೂಲವನ್ನಿಟ್ಟು ಒಳಗಿನಿಂದ ಕೊಡುವ ಬ್ರಾಕಿಥೆರಪಿ ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು ಎಂಬುದು ಒಪ್ಪಿತ ನಿಯಮ. ಅದಕ್ಕಿಂತ ಉದ್ದವಾದ ಪ್ರತಿ ದಿನಕ್ಕೆ ಹತೋಟಿಯ ಸಾಧ್ಯತೆ ಸುಮಾರು ಶೇಕಡ 1ರಷ್ಟು ಇಳಿಯುತ್ತದೆ. ತಲೆ-ಕುತ್ತಿಗೆಯಲ್ಲಿ ನಷ್ಟ ಇನ್ನೂ ತುಸು ಹೆಚ್ಚು. ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗಿ ಬರುತ್ತೇವೆ, ಬನಶಂಕರಿ ಜಾತ್ರೆಗೆ ಮಗಳು ಬಂದಿದ್ದಾಳೆ, ಕಬ್ಬಿನ ಕಟಾವಿಗೆ ಗ್ಯಾಂಗ್ ಬಂದಿದೆ ಎಂದು ಒಂದು ವಾರ ಬಿಟ್ಟವರು ಕಳೆದುಕೊಳ್ಳುವುದು ಏನು ಎಂದು ಈ ಲೆಕ್ಕದಿಂದ ನೀವೇ ಹೇಳಬಹುದು. ಯಲ್ಲಮ್ಮನ ಹರಕೆ ಮುಂದಿನ ಹುಣ್ಣಿಮೆಗೂ ಸಲ್ಲುತ್ತದೆ.

ಆದ್ದರಿಂದ ಆಸ್ಪತ್ರೆಯ ಆಯ್ಕೆಯೂ ಈ ಹೋಲಿಕೆಯ ಭಾಗವೇ. ಹೆಸರುವಾಸಿಯಾದ ದೂರದ ಆಸ್ಪತ್ರೆಗೆ ಹೋಗಿ ನಡುವೆ ದಿನ ತಪ್ಪಿಸುವುದಕ್ಕಿಂತ, ಯೋಗ್ಯ ಯಂತ್ರವೂ ತಜ್ಞರೂ ಇರುವ ಹತ್ತಿರದ ಕೇಂದ್ರದಲ್ಲಿ ಒಂದು ದಿನವೂ ತಪ್ಪದೆ ಮುಗಿಸುವುದು ಮೇಲು. ಅಥಣಿ, ಕಾಗವಾಡದವರಿಗೆ ಮಿರಜ ಹತ್ತಿರ. ಇಂಡಿ, ಚಡಚಣದವರು ಸೊಲ್ಲಾಪುರದ ಕಡೆ ಹೋಗುವುದು ಮೊದಲಿನಿಂದ ಬಂದದ್ದು. ಬಾದಾಮಿ ಕಡೆಯವರಿಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಸಂಸ್ಥೆ ಇದೆ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಪ್ರತ್ಯೇಕ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಬಸ್ಸು ರಾಜ್ಯದೊಳಗಿನ ದಿನನಿತ್ಯದ ಓಡಾಟಕ್ಕೆ ದೊಡ್ಡ ಆಧಾರ. ಗಡಿ ದಾಟಿ ಹೋಗುವವರು ಆ ಖರ್ಚನ್ನೂ ಆಯುಷ್ಮಾನ್ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರಿಯಾಯಿತಿ ಇದೆ, ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ವಾರಕ್ಕೆ ಐದರ ಬದಲು ಆರು ದಿನ ವಿಕಿರಣ ಕೊಡುವ ಪದ್ಧತಿಯೂ ಇದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಏಷ್ಯಾ, ಆಫ್ರಿಕಾ ಮುಂತಾದೆಡೆಯ ಸಾಧಾರಣ ಸೌಲಭ್ಯದ ಕೇಂದ್ರಗಳಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿನ ಮೇಲೆ ಇದನ್ನು ಪರೀಕ್ಷಿಸಿತು. 2010ರ ಆ ವರದಿಯಂತೆ ಐದು ವರ್ಷದ ಹತೋಟಿ ಶೇಕಡ 30ರಿಂದ 42ಕ್ಕೆ ಏರಿತು. ಇದರ ಲಾಭ ಆಮ್ಲಜನಕಕ್ಕಿಂತ ಕೋಶಗಳ ಮರುಬೆಳವಣಿಗೆಗೆ ಅವಕಾಶ ಕೊಡದೆ ಇರುವುದರಿಂದ ಬರುತ್ತದೆ, ಬಾಯಿಹುಣ್ಣು ಹೆಚ್ಚಾಗುತ್ತದೆ. ಆದರೆ ಹೊಸ ಯಂತ್ರ, ಹೊಸ ಔಷಧ ಯಾವುದೂ ಬೇಡ. ಕಿಮೋ ತಡೆದುಕೊಳ್ಳಲಾಗದ ಗಂಟಲಿನ ಕ್ಯಾನ್ಸರ್ ರೋಗಿಯ ಮನೆಯವರು ಈ ಬಗ್ಗೆ ಕೇಳುವುದು ಒಳ್ಳೆಯದು.

ಆಸ್ಪತ್ರೆಯಲ್ಲಿ ಮಾತ್ರ ಆಗುವಂಥವು

ಇನ್ನು ಉಳಿದವುಗಳಲ್ಲಿ ಒಂದೊಂದಕ್ಕೂ ಒಳ್ಳೆಯ ಪುರಾವೆಯ ತುಣುಕು ಇದೆ, ಒಂದೊಂದಕ್ಕೂ ಒಂದು ‘ಆದರೆ’ ಇದೆ.

ಕಾರ್ಬೊಜೆನ್ ಎಂದರೆ ನೂರಕ್ಕೆ 95–98 ಆಮ್ಲಜನಕ, ಉಳಿದದ್ದು ಇಂಗಾಲದ ಡೈಆಕ್ಸೈಡ್. ಬರಿಯ ಆಮ್ಲಜನಕಕ್ಕೆ ರಕ್ತನಾಳಗಳು ಕುಗ್ಗುತ್ತವೆ. ಡೈಆಕ್ಸೈಡ್ ಅದನ್ನು ತಡೆಯುತ್ತದೆ. ಜೊತೆಗೆ ನಿಕೋಟಿನಮೈಡ್ ಎಂಬ ಬಿ3 ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಮುಚ್ಚಿ ತೆರೆಯುವ ನಾಳಗಳನ್ನು ತೆರೆದಿಡುತ್ತಾರೆ. ಬ್ರಿಟನ್ನಿನಲ್ಲಿ 333 ಮೂತ್ರಕೋಶ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಬಿಕಾನ್ ಪ್ರಯೋಗದಲ್ಲಿ (2010) ಮೂರು ವರ್ಷ ಬದುಕಿದವರು ಶೇಕಡ 46ರಿಂದ 59ಕ್ಕೆ ಏರಿದರು. ನನ್ನ ಲೆಕ್ಕದಲ್ಲಿ ಈ ಗುಂಪಿನಲ್ಲಿ ಇದೇ ಮುಂದು: ಅನಿಲ ಅಗ್ಗ, ಮುಖವಾಡವನ್ನು ಕಿರಣ ಬೀಳುವ ಹೊತ್ತಿನಲ್ಲಿಯೇ ಹಾಕುವುದರಿಂದ ಸಮಯದ ತರ್ಕವೂ ಸರಿ. ಆದರೆ ಆ ರೋಗಿಗಳಿಗೆ ಕಿಮೋ ಜೊತೆಯಾಗಿರಲಿಲ್ಲ, ಇಂದು ಸಾಮಾನ್ಯವಾಗಿ ಇರುತ್ತದೆ. ಆದ್ದರಿಂದ ಇದು ಕಿಮೋ ಒಗ್ಗದ ಮೂತ್ರಕೋಶದ ರೋಗಿ ಕೇಳಬೇಕಾದ ಪ್ರಶ್ನೆ. ಅಂಗಡಿಯ ಬಿ-ಕಾಂಪ್ಲೆಕ್ಸ್ ಮಾತ್ರೆ ಇದಕ್ಕೆ ಸಾಟಿಯಲ್ಲ. ಅಲ್ಲಿ ಬಳಸಿದ್ದು ಪ್ರತಿ ಕಿಲೋ ತೂಕಕ್ಕೆ 40–60 ಮಿಲಿಗ್ರಾಂ, ಅದರಿಂದ ವಾಂತಿ ಬರುವುದೂ ಸಾಮಾನ್ಯ. ಮನೆಯಲ್ಲಿ ಪ್ರಯತ್ನಿಸಬೇಡಿ.

ನಿಮೊರಾಜೋಲ್ ಎಂಬ ಮಾತ್ರೆ ಆಮ್ಲಜನಕವನ್ನು ತರುವುದಿಲ್ಲ, ಅದರ ಕೆಲಸವನ್ನು ಮಾಡುತ್ತದೆ. ಡೆನ್ಮಾರ್ಕಿನಲ್ಲಿ 1998ರಲ್ಲಿ ಗಂಟಲಿನ ಕ್ಯಾನ್ಸರಿನ ಹತೋಟಿಯನ್ನು ಶೇಕಡ 33ರಿಂದ 49ಕ್ಕೆ ಏರಿಸಿ ತೋರಿಸಿದರು, ಅಲ್ಲಿ ಅದು ನಿತ್ಯದ ಬಳಕೆಗೂ ಬಂತು. ಬ್ರಿಟನ್ನಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ನಿಮ್ರಾಡ್ ಪ್ರಯೋಗದಲ್ಲಿ ಮಾತ್ರ ಲಾಭ ಕಾಣಲಿಲ್ಲ. ಇದಕ್ಕಾಗಿ ಊರೂರು ಅಲೆಯಬೇಕಾಗಿಲ್ಲ.

ಗಡ್ಡೆಯನ್ನು 40–43 ಡಿಗ್ರಿಗೆ ಬಿಸಿ ಮಾಡುವ ಹೈಪರ್‌ಥರ್ಮಿಯಾ ರಕ್ತದ ಹರಿವನ್ನು ಹೆಚ್ಚಿಸುತ್ತದೆ. ನೆದರ್ಲೆಂಡ್ಸಿನಲ್ಲಿ 2000ದಲ್ಲಿ ವರದಿಯಾದ ಪ್ರಯೋಗದಲ್ಲಿ ಮುಂದುವರಿದ ಗರ್ಭಕಂಠ ಕ್ಯಾನ್ಸರಿಗೆ ವಿಕಿರಣದ ಜೊತೆ ಇದನ್ನು ಕೊಟ್ಟಾಗ ಮೂರು ವರ್ಷ ಬದುಕಿದವರು ಶೇಕಡ 27ರಿಂದ 51 ಆದರು. ಬೆರಗಾಗುವಂಥ ಸಂಖ್ಯೆ. ಆದರೆ ಅಲ್ಲಿಯೂ ಸಿಸ್‌ಪ್ಲಾಟಿನ್ ಇರಲಿಲ್ಲ. ಅದಕ್ಕೆ ಬೇಕಾದ ಯಂತ್ರ, ಉಷ್ಣತೆ ಅಳೆಯುವ ಶಿಸ್ತು ಕೆಲವೇ ಕೇಂದ್ರಗಳಲ್ಲಿವೆ. ಬಿಸಿನೀರಿನ ಚೀಲವನ್ನು ಹೊಟ್ಟೆಯ ಮೇಲೆ ಇಟ್ಟರೆ ಅದು ಹೈಪರ್‌ಥರ್ಮಿಯಾ ಆಗುವುದಿಲ್ಲ, ವಿಕಿರಣ ಬಿದ್ದ ಚರ್ಮ ಸುಡುತ್ತದೆ ಅಷ್ಟೆ.

ಒತ್ತಡದ ಕೋಣೆ, ಅಂದರೆ ಹೈಪರ್‌ಬ್ಯಾರಿಕ್ ಆಕ್ಸಿಜನ್, ಹಳೆಯ ಉಪಾಯ. 1950ರ ದಶಕದಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಚರ್ಚಿಲ್-ಡೇವಿಡ್ಸನ್ ರೋಗಿಯನ್ನು ಮೂರು ವಾತಾವರಣದ ಒತ್ತಡದ ಕೊಳವೆಯಲ್ಲಿ ಮಲಗಿಸಿ, ಆ ಕೊಳವೆಯ ಮೂಲಕವೇ ವಿಕಿರಣ ಕೊಟ್ಟರು. ಆ ಒತ್ತಡದಲ್ಲಿ ರಕ್ತದ ದ್ರವದಲ್ಲೇ 100 ಮಿಲಿಲೀಟರಿಗೆ ಆರರಷ್ಟು ಆಮ್ಲಜನಕ ಕರಗುತ್ತದೆ, ಹಾಗಾಗಿ ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಫಲವೂ ಸಿಕ್ಕಿತು. ಜೊತೆಗೆ ಫಿಟ್ಸ್, ಕಿವಿಯ ಗಾಯ, ಆರೋಗ್ಯವಂತ ಅಂಗಾಂಶಕ್ಕೆ ಹೆಚ್ಚಿನ ವಿಕಿರಣದ ಹಾನಿ, ಬೆಂಕಿಯ ಭಯವೂ ಬಂದವು. ಪದ್ಧತಿ ಮೂಲೆಗೆ ಸರಿಯಿತು. ಇಂದು ನಗರಗಳಲ್ಲಿ ಜಾಹೀರಾತು ಹಾಕುವ ಕೋಣೆಗಳಲ್ಲಿ ವಿಕಿರಣ ಯಂತ್ರ ಇರುವುದಿಲ್ಲ. ಬೆಳಗ್ಗೆ ಒಂದು ಕಡೆ ಕಿರಣ, ಸಂಜೆ ಇನ್ನೊಂದು ಕಡೆ ಕೋಣೆ ಎಂದರೆ ಗಡ್ಡೆಯ ಮಟ್ಟಿಗೆ ಏನೂ ಆಗಿಲ್ಲವೆಂದೇ ಅರ್ಥ. ಈ ಕೋಣೆಗೆ ಗೌರವದ ಜಾಗ ಬೇರೆ ಇದೆ: ವಿಕಿರಣ ಮುಗಿದು ತಿಂಗಳು, ವರ್ಷಗಳ ಮೇಲೆ ಮೂತ್ರಕೋಶದಲ್ಲಿ ವಿಕಿರಣದ ಗಾಯದಿಂದ ಬಳಲುವವರಿಗೆ ಅದು ನೆರವಾಗುತ್ತದೆ ಎಂದು 2019ರ ನಾರ್ಡಿಕ್ ದೇಶಗಳ ಪ್ರಯೋಗ ತೋರಿಸಿದೆ.

ಎಕ್ಸ್-ಕಿರಣದ ಬದಲು ಪ್ರೋಟಾನ್ ಕಣಗಳನ್ನು ಹಾಯಿಸುವ ಯಂತ್ರಕ್ಕೆ ಆಮ್ಲಜನಕದ ವಿಷಯದಲ್ಲಿ ಎಕ್ಸ್-ಕಿರಣಕ್ಕಿಂತ ಹೇಳಿಕೊಳ್ಳುವಂಥ ಮೇಲುಗೈ ಇಲ್ಲ, ಅದರ ಗುಣ ಬೇರೆ. ಆಮ್ಲಜನಕದ ಹಂಗು ಕಡಿಮೆ ಇರುವುದು ಜಪಾನಿನಲ್ಲಿ 1994ರಿಂದ ಬಳಸುತ್ತಿರುವ ಇಂಗಾಲದ ಅಯಾನುಗಳೆಂಬ ಇನ್ನೂ ಭಾರದ ಕಣಗಳಿಗೆ.

ಓಜೋನ್ ಹನಿ, ಹೈಡ್ರೋಜನ್ ಪೆರಾಕ್ಸೈಡ್ ಕುಡಿಸುವುದು, ‘ಆಕ್ಸಿಜನ್ ನೀರು’ – ಇವುಗಳನ್ನು ಮಾರುವವರು 1931ರಲ್ಲಿ ನೊಬೆಲ್ ಪಡೆದ ಆಟೊ ವಾರ್‌ಬರ್ಗ್ ಹೆಸರನ್ನು ಎಳೆದು ತರುತ್ತಾರೆ. ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದರೂ ಸಕ್ಕರೆಯನ್ನು ಹುದುಗಿಸಿ ಬದುಕುತ್ತವೆ ಎಂಬುದು ವಾರ್‌ಬರ್ಗ್ ಕಂಡ ಸಂಗತಿ. ಆಮ್ಲಜನಕ ಕೊಟ್ಟರೆ ಕ್ಯಾನ್ಸರ್ ಸಾಯುತ್ತದೆ ಎಂಬ ಮಾತಿಗೆ ಅದು ಆಧಾರವಲ್ಲ, ಹೆಚ್ಚುಕಡಿಮೆ ವಿರುದ್ಧ. ಪೆರಾಕ್ಸೈಡ್ ಕುಡಿದವರಲ್ಲಿ ಕರುಳು ಸುಡುವುದು, ರಕ್ತನಾಳದಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುವುದು ಎರಡೂ ಆಗುತ್ತವೆ. ಬಾಗಿಲಿಗೆ ಬಂದರೆ ಹಾಗೆಯೇ ಕಳುಹಿಸಿ.

ವೈದ್ಯರ ಮುಂದೆ ಕುಳಿತಾಗ

ಮನೆಗೆ ಬರುವ ಸಲಹೆಗಳಲ್ಲಿ ಯಾವುದನ್ನಾದರೂ ಒಪ್ಪುವ ಮೊದಲು ಅದು ಕಿರಣ ಬೀಳುವ ಹೊತ್ತಿಗೆ ಗಡ್ಡೆಯೊಳಗೆ ಇರುತ್ತದೆಯೇ ಎಂದು ಕೇಳಿ. ಹೆಚ್ಚಿನವು ಅಲ್ಲಿಯೇ ಉದುರುತ್ತವೆ. ವೈದ್ಯರನ್ನು ಕೇಳಬೇಕಾದದ್ದು ಬೇರೆ. ನಮ್ಮ ತಾಯಿಯ ಎಚ್‌ಬಿಯನ್ನು ವಾರಕ್ಕೊಮ್ಮೆ ನೋಡುತ್ತೀರಾ, ಎಷ್ಟಕ್ಕೆ ಇಳಿದರೆ ರಕ್ತ ಕೊಡುತ್ತೀರಿ, ಒಳಗಿನ ವಿಕಿರಣ ಇಲ್ಲಿಯೇ ಆಗುತ್ತದೆಯೋ ಬೇರೆ ಊರಿಗೆ ಕಳುಹಿಸುತ್ತೀರೋ, ಕಳುಹಿಸುವುದಾದರೆ ಅಲ್ಲಿಯ ದಿನ ಈಗಲೇ ಗೊತ್ತುಮಾಡಬಹುದೇ. ಎಂಟು ವಾರದ ಗಡುವು ಹೆಚ್ಚಾಗಿ ತಪ್ಪುವುದು ಈ ಕೊನೆಯ ಹಂತದಲ್ಲಿಯೇ: ಹೊರಗಿನ ವಿಕಿರಣ ಸಮಯಕ್ಕೆ ಮುಗಿದಿರುತ್ತದೆ, ಬ್ರಾಕಿಥೆರಪಿಯ ಸರದಿ ಸಿಗದೆ ಎರಡು ವಾರ ಹೋಗಿರುತ್ತದೆ.

ಯಂತ್ರ ಕೆಟ್ಟರೆ, ಹಬ್ಬದ ರಜೆ ಬಂದರೆ ತಪ್ಪಿದ ದಿನವನ್ನು ಹೇಗೆ ತುಂಬುತ್ತೀರಿ ಎಂದೂ ಕೇಳಿ. ಶನಿವಾರ ಕರೆಯುವುದು ಒಂದು ದಾರಿ. ಒಂದೇ ದಿನ ಎರಡು ಸಲ ಕೊಡುವುದು ಇನ್ನೊಂದು. ಆಗ ನಡುವೆ ಕನಿಷ್ಠ ಆರು ಗಂಟೆ ಬಿಡುವು ಇರಬೇಕು. ಬೆಳಗ್ಗೆ ಹತ್ತಕ್ಕೆ ಮೊದಲನೆಯದಾದರೆ ಎರಡನೆಯದು ಸಂಜೆ ನಾಲ್ಕರ ಮೇಲೆಯೇ. ಜಮಖಂಡಿ, ಮುಧೋಳದ ಕಡೆಗೆ ಹಿಂತಿರುಗುವವರು ಆ ದಿನ ರಾತ್ರಿಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಂಡೇ ಒಪ್ಪಿಗೆ ಕೊಡಲಿ.